ಉಳಿದ ಹತ್ತು ನಡೆ

ಅಪ್ಪಯ್ಯನ ಬಾಯಿಂದ ‘ಸೋತೆ’ ಎಂಬ ಮಾತನ್ನು ನಾನು ಕೇಳಿದ್ದೇ ಇಲ್ಲ. ಅವರು ಸೋಲುತ್ತಿರಲಿಲ್ಲವೆಂದಲ್ಲ. ಮಲೆನಾಡಿನ ಜಡಿಮಳೆಯಲ್ಲಿ ತೋಟಕ್ಕೆ ಹೋಗಲಾಗದೆ ಜಗಲಿಯ ಮೇಲೆ ಚದುರಂಗದ ಹಲಗೆ ಇಟ್ಟುಕೊಂಡು ಕೂರುತ್ತಿದ್ದರು. ಎದುರಿಗೆ ಪಕ್ಕದ ಮನೆಯ ಭಟ್ಟರು. ಅವರು ಬಾರದ ದಿನ ನಾನು. ಆನೆ ಹೋಗಿ, ಮಂತ್ರಿ ಹೋಗಿ, ರಾಜ ಮೂಲೆ ಸೇರಿದ ಎನ್ನುವಾಗ ಅಪ್ಪಯ್ಯ, “ಹೊತ್ತಾಯ್ತು, ದೇವರಿಗೆ ದೀಪ ಹಚ್ಚಿ” ಎಂದು ಪಂಚೆ ಕೊಡವಿಕೊಂಡು ಎದ್ದುಬಿಡುವರು. ಕೆಲವು ದಿನ ಮಧ್ಯಾಹ್ನ ಮೂರು ಗಂಟೆಗೇ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಾಗುತ್ತಿತ್ತು!

ಅಕ್ಕ ಆಡುತ್ತಿರಲಿಲ್ಲ. ಅವಳು ನನಗಿಂತ ಆರು ವರ್ಷ ದೊಡ್ಡವಳು, ಅಡಿಗೆಮನೆಯಲ್ಲಿ ಅಮ್ಮನಿಗೆ ಬಲಗೈ. ಕಾಫಿ ಲೋಟ ಇಟ್ಟುಹೋಗುವಾಗ ಒಂದು ಕ್ಷಣ ಹಲಗೆಯ ಮೇಲೆ ಕಣ್ಣಾಡಿಸಿ, “ಅಪ್ಪಯ್ಯ, ನಿಮ್ಮ ಆನೆ ಹೋಯ್ತು” ಅನ್ನುವಳು. ಎರಡು ನಡೆ ಕಳೆಯುವುದರೊಳಗೆ ಆನೆ ಹೋಗಿಯೇ ಇರುತ್ತಿತ್ತು. ಕಲಿಸಿಕೊಂಡವಳು ನಾನಾದರೂ ಆಟ ತಿಳಿದವಳು ಅವಳು ಎಂದು ಆಗಲೇ ನನಗೆ ಒಳಗೊಳಗೇ ಗೊತ್ತಿತ್ತು.

ಮದುವೆ, ಮಕ್ಕಳು, ನೆಂಟರು, ಹಬ್ಬ ಎಂಬ ಗಲಾಟೆಯಲ್ಲಿ ಚದುರಂಗ ಅಟ್ಟ ಸೇರಿತು. ಅದು ಕೆಳಗಿಳಿದದ್ದು ಮೊಮ್ಮಗಳಿಂದ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಹದಿನೆಂಟರ ಹುಡುಗ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮಂಥ ಊರಿನಲ್ಲೂ ಬೀದಿಗೊಂದು ಚೆಸ್ ತರಗತಿ ಶುರುವಾಯಿತಲ್ಲ, ಆ ಗಾಳಿಗೆ ನಮ್ಮ ಪುಟ್ಟಿಯೂ ಸಿಕ್ಕಿದಳು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಅವಳನ್ನು ತರಗತಿಗೆ ಬಿಡುವುದು, ಕರೆತರುವುದು, ಮನೆಯಲ್ಲಿ ಎದುರಿಗೆ ಕೂತು ಸೋಲುವುದು, ಮೂರೂ ನನ್ನ ಪಾಲಿಗೆ ಬಂದವು.

ಸೋಲುವುದಕ್ಕೆ ನನಗೊಂದು ನೆಪವೂ ಇತ್ತು. ನಾನು ಕಲಿತದ್ದು ಹಳೆಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ನಡೆಯಬೇಕು. ರಾಜನಿಗೆ ಕೋಟೆ ಕಟ್ಟುವ ಅನುಕೂಲವಿಲ್ಲ, ಅದರ ಬದಲು ಅವನ ಮೇಲೆ ಇನ್ನೂ ಚೆಕ್ ಬಿದ್ದಿಲ್ಲವಾದರೆ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಪುಟ್ಟಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಜ್ಜಿ, ರಾಜ ಹಾರೋದಿಲ್ಲ. ಮೊದಲು ಅವನಿಗೊಂದು ಮನೆ ಮಾಡಿಕೊಡಬೇಕು” ಎಂದು ರಾಜನನ್ನು ಎರಡು ಮನೆ ಸರಿಸಿ, ಮೂಲೆಯ ಆನೆಯನ್ನು ಅವನ ಮಗ್ಗುಲಿಗೆ ತಂದು ನಿಲ್ಲಿಸಿ ತೋರಿಸಿದಳು. ಗೃಹಪ್ರವೇಶ ಮಾಡಿಸಿದ ಹಾಗೆ.

ಕಳೆದ ವರ್ಷ ನಮ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ ಮಕ್ಕಳ ಪಂದ್ಯಾವಳಿ ನಡೆಯಿತು. ಮದುವೆ ಊಟದ ಉದ್ದನೆಯ ಮೇಜುಗಳ ಮೇಲೆ ಸಾಲಾಗಿ ಹಾಸು, ಪಕ್ಕಕ್ಕೊಂದು ಗಡಿಯಾರ. ಆಡುವ ಮಕ್ಕಳು ಒಳಗೆ, ಹೊರಗೆ ಚಪ್ಪಲಿ ರಾಶಿಯ ಪಕ್ಕ ಅಮ್ಮಂದಿರು, ಅಜ್ಜಿಯರು, ಬುತ್ತಿ ಡಬ್ಬಿ, ನೀರಿನ ಬಾಟಲಿ. ಮಕ್ಕಳ ಪರೀಕ್ಷೆಗಿಂತ ಹೆಚ್ಚಿನ ತಳಮಳ ಹೊರಗಿನವರಿಗೆ. ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ.

ಮೂರನೆಯ ಸುತ್ತಿನಲ್ಲಿ ಪುಟ್ಟಿಗೆ ಎದುರಾದವನು ಅವಳಿಗಿಂತ ಎರಡು ಮೂರು ವರ್ಷ ಚಿಕ್ಕ ಹುಡುಗ. ಕಾಲು ನೆಲಕ್ಕೆ ತಾಗದು, ಕುರ್ಚಿಯಲ್ಲಿ ಮೊಣಕಾಲೂರಿ ಆಡುತ್ತಿದ್ದ. ಪುಟ್ಟಿಯದು ಕಪ್ಪು. ಇಪ್ಪತ್ತು ನಿಮಿಷ ಕಳೆದಿರಬೇಕು, ಅವಳ ಕಿವಿ ಕೆಂಪಗಾದದ್ದು ನನಗೆ ಕಿಟಕಿಯಿಂದಲೇ ಕಂಡಿತು. ಇನ್ನೂ ಸ್ವಲ್ಪ ಹೊತ್ತಿಗೆ ಅವಳು ಸರಕ್ಕನೆ ಎದ್ದು, ಕೈಕುಲುಕದೆ, ಗಡಿಯಾರ ನಿಲ್ಲಿಸದೆ, ಯಾರಿಗೂ ಒಂದು ಮಾತು ಹೇಳದೆ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟಳು. ಹುಡುಕಿದರೆ ಊಟದ ಮನೆಯಲ್ಲಿ ಕೈತೊಳೆಯುವ ನಲ್ಲಿಗಳ ಹತ್ತಿರ, ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಅವಳನ್ನು ಸಮಾಧಾನ ಮಾಡಿ ಕರೆತರುವಾಗ ನಾನು ಕಂಡದ್ದು ಆ ಹುಡುಗನನ್ನು. ಅವನ ಎದುರಿಗೆ ಖಾಲಿ ಕುರ್ಚಿ. ಪುಟ್ಟಿಯ ಗಡಿಯಾರ ಓಡುತ್ತಲೇ ಇತ್ತು. ಗೆದ್ದೆನೋ ಇಲ್ಲವೋ ಎಂದು ತಿಳಿಯದೆ, ಯಾರನ್ನು ಕೇಳಬೇಕೆಂದೂ ಗೊತ್ತಾಗದೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಮುಖದಲ್ಲಿ ಗೆದ್ದ ಸಂತೋಷ ಇರಲಿಲ್ಲ. ತಾನೇ ಏನೋ ತಪ್ಪು ಮಾಡಿದವನ ಹಾಗಿದ್ದ.

ದಾರಿಯಲ್ಲಿ ನಾನು ಗದರಲಿಲ್ಲ. ಮನೆಗೆ ಬಂದು ಅವಲಕ್ಕಿ ಮೊಸರು ತಿನ್ನಿಸಿದ ಮೇಲೆ, “ಹಾಗೆ ಎದ್ದು ಬರಬಾರದಿತ್ತು ಪುಟ್ಟಿ” ಅಂದೆ, ಅಷ್ಟೇ. ಅವಳು ತಟ್ಟನೆ ಉತ್ತರ ಕೊಟ್ಟಳು: “ದೊಡ್ಡ ದೊಡ್ಡವರೇ ಎದ್ದು ಹೋಗಿದಾರೆ ಅಜ್ಜಿ! ನಮ್ಮ ಮೇಷ್ಟ್ರೇ ಹೇಳಿದಾರೆ. ಹೇಸ್ಟಿಂಗ್ಸ್‌ನಲ್ಲಿ, 1895ರಲ್ಲಿ. ಬೇಕಾದ್ರೆ ಆಡಿ ತೋರಿಸ್ತೀನಿ.” ಮಕ್ಕಳಿಗೆ ಪಾಠ ಹೇಳುವಾಗ ಯಾವುದು ನಾಟುತ್ತದೆ ಎಂದು ಹೇಳಲಾಗದು ನೋಡಿ!

ಹಲಗೆ ಹಾಸಿ ಕೂತೆವು. ಅವಳು ಹೇಳಿದ್ದಕ್ಕೆ ನಾನು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ನಿಮಗೆ ಹೇಳುತ್ತೇನೆ.

ಹೇಸ್ಟಿಂಗ್ಸ್ ಇಂಗ್ಲೆಂಡಿನ ದಕ್ಷಿಣಕ್ಕಿರುವ ಕಡಲ ತೀರದ ಊರು. 1895ರ ಬೇಸಿಗೆಯಲ್ಲಿ ಅಲ್ಲಿ 22 ಆಟಗಾರರ ದೊಡ್ಡ ಪಂದ್ಯಾವಳಿ ನಡೆಯಿತು. ಆ ಕಾಲದ ಹೆಸರಾಂತ ಆಟಗಾರರೆಲ್ಲ ಬಂದಿದ್ದರು. ಕೊನೆಗೆ ಗೆದ್ದವನು ಯಾರೂ ಎಣಿಸಿರದ 22 ವರ್ಷದ ಅಮೆರಿಕದ ಹುಡುಗ ಪಿಲ್ಸ್‌ಬರಿ. ಆದರೆ ಜನ ಇವತ್ತಿಗೂ ನೆನೆಯುವ ಆಟ ಬೇರೆ ಇಬ್ಬರದು. ಬಿಳಿ ಕಾಯಿಗಳಲ್ಲಿ ವಿಲ್ಹೆಲ್ಮ್ ಸ್ಟೈನಿಟ್ಜ್. ಪ್ರಾಗ್‌ನಲ್ಲಿ ಹುಟ್ಟಿದವರು, ಆಗ 59 ವರ್ಷ. 1886ರಿಂದ ವಿಶ್ವ ಚಾಂಪಿಯನ್ ಆಗಿದ್ದು ಹಿಂದಿನ ವರ್ಷವಷ್ಟೇ ಪಟ್ಟ ಕಳೆದುಕೊಂಡಿದ್ದರು. ಕಪ್ಪಿನಲ್ಲಿ ಜರ್ಮನಿಯ ಕುರ್ಟ್ ಫಾನ್ ಬಾರ್ಡೆಲೆಬೆನ್, 34ರ ಪ್ರಾಯ.

ಆಟದ ಆರಂಭಕ್ಕೆ ಇಟಾಲಿಯನ್ ಎಂದು ಹೆಸರು. ನೂರಾರು ವರ್ಷ ಹಳೆಯ ಆರಂಭ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾರೆ, ಒಂದೊಂದು ಕುದುರೆ ಹೊರಡಿಸುತ್ತಾರೆ, ಆಮೇಲೆ ಒಂದೊಂದು ಒಂಟೆ. ನೆಂಟರ ಮನೆಗೆ ಹೋದಾಗ ಮೊದಲು ನೀರು, ಆಮೇಲೆ ಬೆಲ್ಲ, ಆಮೇಲೆ ಕುಶಲ ವಿಚಾರಣೆ ನಡೆಯುತ್ತದಲ್ಲ, ಅಷ್ಟು ಸರಳ, ಅಷ್ಟು ಮರ್ಯಾದೆ. ಇದಕ್ಕೆ ಇಟಲಿಯ ಭಾಷೆಯಲ್ಲಿ ಇನ್ನೊಂದು ಹೆಸರಿದೆ, ‘ಜುವೊಕೊ ಪಿಯಾನೊ’. ಮೆಲ್ಲನೆಯ ಆಟ, ಸದ್ದಿಲ್ಲದ ಆಟ ಎಂದರ್ಥ. ಸದ್ದಿಲ್ಲದೆ ಶುರುವಾದ ಮಾತು ಎಲ್ಲಿಗೆ ಮುಟ್ಟುತ್ತದೆ ಎಂಬುದು ಸಂಸಾರಸ್ಥರಾದ ನಮಗೆ ಹೊಸದಲ್ಲ.

ಒಂಬತ್ತನೆಯ ನಡೆಗೆ ಸ್ಟೈನಿಟ್ಜ್ ತಮ್ಮ ರಾಜನಿಗೆ ಕೋಟೆ ಕಟ್ಟಿ ಒಳಗೆ ಕೂರಿಸಿದರು. ಬಾರ್ಡೆಲೆಬೆನ್ ಆಮೇಲೆ ಕಟ್ಟಿದರಾಯಿತು ಎಂದುಕೊಂಡರೋ ಏನೋ. ಅಷ್ಟರಲ್ಲಿ ಒಂಟೆ ಕುದುರೆಗಳು ಒಂದಕ್ಕೊಂದು ಬಡಿದಾಡಿ ಹಲಗೆ ಅರ್ಧ ಬರಿದಾಯಿತು. ಹದಿನಾಲ್ಕನೆಯ ನಡೆಗೆ ಬಿಳಿಯ ಆನೆ ನಡುಸಾಲಿಗೆ ಬಂದು ನಿಂತಿತು. ಅದೇ ಸಾಲಿನ ಆ ತುದಿಯಲ್ಲಿ ಕಪ್ಪು ರಾಜ, ಅವನ ಮುಂದೆ ಅವನ ಕುದುರೆ. ರಾಜ ಕೋಟೆಗೆ ಸರಿದರೆ ಕುದುರೆ ಅನಾಥ. ಕುದುರೆ ಸರಿಯುವ ಹಾಗೇ ಇಲ್ಲ, ಸರಿದರೆ ರಾಜ ಆನೆಯ ಬಾಯಿಗೆ. “ನೋಡಿ ಅಜ್ಜಿ, ಇಲ್ಲೇ ಸಿಕ್ಕಿಹಾಕಿಕೊಂಡ್ರು. ನಾನೂ ಇವತ್ತು ಹೀಗೇ” ಎಂದಳು ಪುಟ್ಟಿ. ದನಿ ಸ್ವಲ್ಪ ಮೆತ್ತಗಾಗಿತ್ತು.

ಹದಿನೇಳನೆಯ ನಡೆಗೆ ಸ್ಟೈನಿಟ್ಜ್ ಒಂದು ಕಾಲಾಳನ್ನು ಮುಂದೆ ತಳ್ಳಿ ತಾವಾಗಿ ಬಲಿ ಕೊಟ್ಟರು. ಏಕೆಂದು ನನಗೆ ಹೊಳೆಯಲಿಲ್ಲ. “ಜಾಗ ಖಾಲಿ ಮಾಡಿದ್ದು, ಕುದುರೆಗೆ” ಎಂದು ಪುಟ್ಟಿ ಆ ಖಾಲಿ ಮನೆಗೆ ಬಿಳಿ ಕುದುರೆ ತಂದಿಟ್ಟಳು. ಮನೆಯಲ್ಲಿ ಕೂತು ಇನ್ನು ಉಪಯೋಗವಿಲ್ಲವೆಂದು ಕಪ್ಪು ರಾಜ ಕಾಲುನಡಿಗೆಯಲ್ಲಿ ಪಕ್ಕದ ಮನೆಗೆ ಹೊರಟ. ಮೂರು ನಡೆ ಕಳೆಯುವುದರೊಳಗೆ ಚೆಕ್ ತಿಂದು ಹೊರಟಲ್ಲಿಗೇ ವಾಪಸು ಬಂದ.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ! ಬಿಳಿಯ ಆನೆ ನೇರವಾಗಿ ನುಗ್ಗಿ ಆ ಕಪ್ಪು ಕುದುರೆಯನ್ನು ಹೊಡೆದು, ರಾಜನ ಎದುರಿಗೆ, ಮಂತ್ರಿಯ ಮಗ್ಗುಲಿಗೆ ನಿಂತಿತು. ಮಂತ್ರಿ ಅದನ್ನು ಹೊಡೆದರೆ ದೂರದಲ್ಲಿ ಕಾಯುತ್ತಿರುವ ಇನ್ನೊಂದು ಬಿಳಿ ಆನೆಯಿಂದ ಸರ್ವನಾಶ. ರಾಜ ಪಕ್ಕದ ಮನೆಗೆ ಓಡಿದ, ಆನೆಯೂ ಒಂದು ಮನೆ ಸರಿದು ಅವನೆದುರು ನಿಂತಿತು. ಅವನು ಮತ್ತೆ ಪಕ್ಕಕ್ಕೆ, ಅದೂ ಪಕ್ಕಕ್ಕೆ. ಕಪ್ಪು ಸೇನೆ ಆ ಒಂಟಿ ಆನೆಯನ್ನು ಮುಟ್ಟಲಾರದೆ ನೋಡುತ್ತಾ ನಿಂತಿದೆ, ಅದು ಸಾಲಿನ ಒಂದೊಂದು ಮನೆಯ ಬಾಗಿಲನ್ನೂ ತಟ್ಟುತ್ತಾ ಹೋಗುತ್ತಿದೆ. ಸ್ಟೈನಿಟ್ಜ್‌ಗೂ ಬಿಡುವಿಲ್ಲ. ಒಂದು ನಡೆ ಚೆಕ್ ಕೊಡುವುದು ತಪ್ಪಿದರೆ ಅವರೇ ಸೋಲುವ ಹಾಗಿತ್ತು. ಇಪ್ಪತ್ತೈದನೆಯ ನಡೆಗೆ ಆನೆ ಕೊನೆಯ ಸಾಲಿನ ಕಾಲಾಳನ್ನು ಹೊಡೆದು ಮತ್ತೆ ಚೆಕ್ ಎಂದಿತು.

ಆಗ ಬಾರ್ಡೆಲೆಬೆನ್ ಎದ್ದರು. ಸೋತೆ ಎನ್ನಲಿಲ್ಲ, ರಾಜನನ್ನು ಮಲಗಿಸಲಿಲ್ಲ, ಕೈಕುಲುಕಲಿಲ್ಲ. ಸುಮ್ಮನೆ ಸಭಾಂಗಣದಿಂದ ಹೊರನಡೆದರು. ಅವರ ಗಡಿಯಾರ ಓಡಿ ಓಡಿ ಸಮಯ ಮುಗಿದ ಮೇಲೆಯೇ ಸ್ಟೈನಿಟ್ಜ್ ಗೆದ್ದದ್ದು ಖಾತ್ರಿಯಾಯಿತು. ಸೊಗಸಾದ ಆಟಕ್ಕೆಂದು ಇಟ್ಟಿದ್ದ ಮೊದಲ ಬಹುಮಾನವೂ ಈ ಆಟಕ್ಕೇ ಬಂತು.

“ನೋಡಿದ್ರಾ?” ಎಂದಳು ಪುಟ್ಟಿ, ಕೇಸು ಗೆದ್ದ ವಕೀಲರಂತೆ.

“ಅಲ್ಲ ಪುಟ್ಟಿ, ರಾಜ ಇನ್ನೂ ಸತ್ತಿಲ್ಲವಲ್ಲ. ಉಳಿದ ನಡೆ?”

“ಇನ್ನೂ ಹತ್ತು ನಡೆ ಇತ್ತು. ಅವರು ಎದ್ದು ಹೋದ ಮೇಲೆ ಸ್ಟೈನಿಟ್ಜ್ ಸುತ್ತ ನಿಂತಿದ್ದವರಿಗೆ ತೋರಿಸಿದರಂತೆ.”

ಆ ಹತ್ತನ್ನೂ ಆಡಿದೆವು. ಓದುಗ ತಾಯಂದಿರೇ, ಇಡೀ ಆಟದ ಚೆಲುವು ಇದ್ದದ್ದೇ ಅಲ್ಲಿ. ಅಷ್ಟು ಮೆರೆದ ಆ ಆನೆಯನ್ನೂ ಸ್ಟೈನಿಟ್ಜ್ ಬಿಟ್ಟುಕೊಡುತ್ತಾರೆ. ಕಪ್ಪು ರಾಜ ಅದನ್ನು ಹೊಡೆದು, ಬಂದ ದಾರಿಯಲ್ಲೇ ಹಿಂದಕ್ಕೆ ಓಡುತ್ತಾನೆ. ಬಿಳಿಯ ಮಂತ್ರಿ ಹೆಜ್ಜೆ ಹೆಜ್ಜೆಗೂ ಬೆನ್ನು ಹತ್ತುತ್ತದೆ. ಮೂವತ್ತೈದನೆಯ ನಡೆಗೆ, ಮಂತ್ರಿ ಮತ್ತು ಕುದುರೆ ಸೇರಿ, ಹಲಗೆಯ ನಡುಭಾಗಕ್ಕೆ ಬಂದ ರಾಜನನ್ನು ಕಟ್ಟಿಹಾಕುತ್ತವೆ. ತಮ್ಮದೇ ಆಟದ ಆ ಹತ್ತು ನಡೆಯನ್ನು ಬಾರ್ಡೆಲೆಬೆನ್ ಹಲಗೆಯ ಮುಂದೆ ಕೂತು ನೋಡಲಿಲ್ಲ. ಆ ಪಂದ್ಯಾವಳಿಯಲ್ಲಿ ಅವರು 22 ಜನರಲ್ಲಿ ಏಳು-ಎಂಟನೆಯ ಸ್ಥಾನ ಹಂಚಿಕೊಂಡರು. ಅಂದರೆ ಸಾಮಾನ್ಯ ಆಟಗಾರರೇನಲ್ಲ. ಆದರೂ ಜಗತ್ತು ಅವರನ್ನು ನೆನಪಿಟ್ಟದ್ದು ಎದ್ದು ಹೋದವರೆಂದು.

ನನ್ನ ಕೈಯಲ್ಲಿ ಕಪ್ಪು ರಾಜ ಹಾಗೇ ಉಳಿದಿತ್ತು. ಪುಟ್ಟಿ, “ಏನಾಯ್ತಜ್ಜಿ?” ಅಂದಳು. ಏನಿಲ್ಲ ಅಂದೆ. ನನ್ನ ಕಣ್ಣ ಮುಂದೆ ಇದ್ದದ್ದು ಧಾರವಾಡದಲ್ಲಿ ಅಕ್ಕನ ಮನೆಯ ಊಟದ ಮೇಜು.

ಅಮ್ಮ ಕೊನೆಯ ಮೂರು ವರ್ಷ ನನ್ನ ಮನೆಯಲ್ಲಿದ್ದಳು. ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟಿದ್ದೆ, ಅವಳ ಸಂಬಳ ಅಮ್ಮನ ಪಾಸ್‌ಬುಕ್ಕಿನಿಂದ ಹೋಗುತ್ತಿತ್ತು. ಅಮ್ಮನ ಪಿಂಚಣಿ ಎಂದು ನಾನು ತಿಳಿದಿದ್ದೆ. ಪುಸ್ತಕ ತೆರೆದು ನೋಡಿದವಳಲ್ಲ, ಬ್ಯಾಂಕಿನ ಕೆಲಸವೆಲ್ಲ ನಮ್ಮ ಯಜಮಾನರದು. ವರ್ಷಾಂತಿಕವನ್ನು ಅಕ್ಕ ತನ್ನ ಮನೆಯಲ್ಲಿ ಮಾಡಿಸಿದಳು. ಕರ್ಮ ಎಲ್ಲ ಮುಗಿದ ಮರುದಿನ, ಯಾವುದೋ ಮಾತಿಗೆ ಮಾತು ಬೆಳೆದು, ಅದೂ ಹೀಗೆಯೇ ಮೆಲ್ಲನೆ ಶುರುವಾದದ್ದು, ನಾನು ನಾಲ್ಕು ಜನರೆದುರು ಅಂದುಬಿಟ್ಟೆ: “ಅಮ್ಮನಿಗೆ ಮೂರು ವರ್ಷ ಮಾಡಿದವಳು ನಾನು. ನೀನು ಒಂದು ರೂಪಾಯಿ ಔಷಧಿ ತಂದುಕೊಟ್ಟಿದ್ದೀಯಾ?”

ಅಕ್ಕ ಏನೂ ಅನ್ನಲಿಲ್ಲ. ಒಳಗೆ ಹೋಗಿ ಅಮ್ಮನ ಪಾಸ್‌ಬುಕ್ ತಂದು, ಮೇಜಿನ ಮೇಲಿಟ್ಟು, ಹಾಳೆ ತಿರುವಿದಳು. ಪ್ರತಿ ತಿಂಗಳೂ ಮೊದಲ ವಾರ, ಅಕ್ಕನ ಖಾತೆಯಿಂದ ಅಮ್ಮನ ಖಾತೆಗೆ ದುಡ್ಡು. ಮೂವತ್ತಾರು ಸಲ. ಆ ಹೆಂಗಸಿನ ಸಂಬಳ ಕೊಟ್ಟವಳು ಅಕ್ಕ. ನನಗೆ ಹೇಳಬೇಡವೆಂದು ಅಮ್ಮನಿಗೆ ಅವಳೇ ಹೇಳಿದ್ದಳಂತೆ, ನನಗೆ ಸಣ್ಣತನ ಅನ್ನಿಸಬಾರದೆಂದು.

ನಾನು ಮಾಡಿದ್ದೇನು ಗೊತ್ತೇ? “ಬಸ್ಸಿಗೆ ಹೊತ್ತಾಯ್ತು” ಎಂದು ಚೀಲ ತೆಗೆದುಕೊಂಡು ಎದ್ದುಬಿಟ್ಟೆ. ಬಸ್ಸಿಗೆ ಇನ್ನೂ ಎರಡೂವರೆ ಗಂಟೆ ಇತ್ತು. ಅಪ್ಪಯ್ಯನ ದೀಪ ಹಚ್ಚುವ ಹೊತ್ತು! ಗೇಟಿನ ತನಕ ಅಕ್ಕ ಏನೋ ಕೂಗುತ್ತಾ ಬಂದಳು. ನಾನು ತಿರುಗಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ನಾಲ್ಕು ಜನರೆದುರು ಪುಸ್ತಕ ತೋರಿಸಿ ನನ್ನ ಮರ್ಯಾದೆ ಕಳೆದಳಲ್ಲ ಎಂದು ಅವಳನ್ನೇ ಬೈದುಕೊಂಡೆ. ಆಮೇಲೆ ಆರು ವರ್ಷ. ಮದುವೆ ಮುಂಜಿಗಳಲ್ಲಿ ಎದುರಾದರೆ “ಚೆನ್ನಾಗಿದ್ದೀಯಾ” “ಹ್ಞೂಂ, ನೀನು?” ಅಷ್ಟೇ.

ಎದ್ದು ಬಂದವಳಿಗೆ ತನ್ನ ಅವಮಾನವಷ್ಟೇ ಕಾಣುತ್ತದೆ. ಹಿಂದೆ ಉಳಿದವರ ಪಾಡು ನನಗೆ ಹೊಳೆದದ್ದು ಕಲ್ಯಾಣ ಮಂಟಪದ ಆ ಹುಡುಗನನ್ನು ಕಂಡ ಮೇಲೆ. ಅಕ್ಕನೂ ಹಾಗೆಯೇ ಕೂತಿದ್ದಿರಬೇಕು, ನಾನು ತಳ್ಳಿ ಎದ್ದ ಕುರ್ಚಿಯ ಎದುರು, ಪಾಸ್‌ಬುಕ್ ಮುಚ್ಚಬೇಕೋ ಬೇಡವೋ ತಿಳಿಯದೆ. ಅವಳಿಗೂ ಹೇಳುವುದು ಹತ್ತು ಮಾತು ಬಾಕಿ ಇತ್ತಲ್ಲ. ಅದನ್ನೆಲ್ಲ ಅವಳು ಯಾರಿಗೆ ಹೇಳಿಕೊಂಡಳೋ.

ರಾತ್ರಿ ಮಲಗುವಾಗ ಪುಟ್ಟಿ ಕೇಳಿದಳು, “ಅಜ್ಜಿ, ಕೊನೇ ತನಕ ಕೂತು ಸೋತವರು ಯಾರಾದ್ರೂ ಇದಾರಾ?” ಉತ್ತರ ಸಿಗಲು ಒಂದು ವಾರ ಹಿಡಿಯಿತು. ಸಿಕ್ಕಿದ್ದೂ ಹೇಸ್ಟಿಂಗ್ಸಿನ ದಾರಿಯಲ್ಲೇ. 1895ರ ಆ ದೊಡ್ಡ ಪಂದ್ಯಾವಳಿಯ ಜೊತೆಗೆ ಅದೇ ಊರಿನಲ್ಲಿ ಹೆಂಗಸರ ಪಂದ್ಯಾವಳಿಯೂ ನಡೆದಿತ್ತು. ಅದನ್ನು ಗೆದ್ದವರು ಎಡಿತ್ ಥಾಮಸ್ ಎಂಬಾಕೆ. ಆಗ ಅವರ ಮಗ ಜಾರ್ಜ್ ಹದಿನಾಲ್ಕರ ಹುಡುಗ. ಅವನಿಗೆ ಚದುರಂಗ ಕಲಿಸಿದ್ದು ತಾಯಿಯೇ. ಮುಂದೆ ಆತ ಚದುರಂಗದಲ್ಲಿ ಬ್ರಿಟನ್ನಿನ ಚಾಂಪಿಯನ್, ಬ್ಯಾಡ್ಮಿಂಟನ್‌ನಲ್ಲೂ ಚಾಂಪಿಯನ್. 2022ರಲ್ಲಿ ನಮ್ಮ ಹುಡುಗರು ಗೆದ್ದು ತಂದ ಥಾಮಸ್ ಕಪ್ ಇದೆಯಲ್ಲ, ಅದಕ್ಕೆ ಅವರದೇ ಹೆಸರು.

ಈ ಜಾರ್ಜ್ ಥಾಮಸ್ 1912ರಲ್ಲಿ ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಎಡ್ವರ್ಡ್ ಲಾಸ್ಕರ್ ಎಂಬ ಹೊಸಬನ ಜೊತೆ ಆಡಿ, ಬರೇ 18 ನಡೆಯಲ್ಲಿ ಸೋತರು. ಅದೆಂಥ ಸೋಲು! ಲಾಸ್ಕರ್ ತಮ್ಮ ಮಂತ್ರಿಯನ್ನೇ ಬಲಿ ಕೊಟ್ಟು, ಥಾಮಸರ ರಾಜನನ್ನು ಕೋಟೆಯಿಂದ ಹೊರಗೆಳೆದು, ಇಡೀ ಹಲಗೆ ದಾಟಿಸಿ, ಎದುರು ಪಕ್ಷದ ಕೊನೆಯ ಸಾಲಿನವರೆಗೆ ನಡೆಸಿಕೊಂಡು ಹೋಗಿ ಅಲ್ಲಿ ಮುಗಿಸಿದರು. ಥಾಮಸ್ ಕೊನೆಯ ನಡೆಯವರೆಗೂ ಕೂತಿದ್ದರು. ಮುಗಿದ ಮೇಲೆ ಆಟ ಬಹಳ ಚೆನ್ನಾಗಿತ್ತೆಂದು ಹೊಗಳಿದರು. ಲಾಸ್ಕರ್‌ಗೆ ಆಗ ಇಂಗ್ಲಿಷ್ ಬಾರದು, ಪಕ್ಕದಲ್ಲಿದ್ದ ಒಬ್ಬರು ಅನುವಾದಿಸಿ ಹೇಳಿದರಂತೆ. ಆ ಮಾತಿನಿಂದ ತಮ್ಮ ಮನಸ್ಸು ತುಂಬಿದ್ದನ್ನು ಲಾಸ್ಕರ್ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಪುಟ್ಟಿ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಎರಡು ತಿಂಗಳ ಮೇಲೆ ಇನ್ನೊಂದು ಪಂದ್ಯಾವಳಿಯಲ್ಲಿ ಒಂದು ಆಟ ಸೋತಾಗ ಕಣ್ಣು ತುಂಬಿಕೊಂಡೇ ಕೈ ಚಾಚಿದ್ದನ್ನು ಕಿಟಕಿಯಿಂದ ನೋಡಿದೆ. ಎದುರಿನ ಹುಡುಗಿ ಕಾಯಿಗಳನ್ನು ಹಿಂದಕ್ಕಿಟ್ಟು, ಎಲ್ಲಿ ತಪ್ಪಿತೆಂದು ತೋರಿಸುತ್ತಿದ್ದಳು. ಇಬ್ಬರ ತಲೆಯೂ ಹಲಗೆಯ ಮೇಲೆ ಬಾಗಿ ಒಂದಕ್ಕೊಂದು ತಾಗುವಂತಿತ್ತು. ಮಕ್ಕಳು ಎಷ್ಟು ಬೇಗ ಕಲಿಯುತ್ತಾರೆ!

ನನಗೆ ಅಷ್ಟು ಸುಲಭವಾಗಲಿಲ್ಲ. ಫೋನ್ ಕೈಗೆ ತೆಗೆದುಕೊಳ್ಳುವುದು, ಇಡುವುದು, ಹೀಗೇ ನಾಲ್ಕು ದಿನ. ಐದನೆಯ ದಿನ ಮಧ್ಯಾಹ್ನ, ಅಕ್ಕ ಊಟ ಮುಗಿಸಿ ಅಡಿಕೆ ಹಾಕಿಕೊಳ್ಳುವ ಹೊತ್ತು ನೋಡಿ ಮಾಡಿದೆ. ಏನೇನೋ ಪೀಠಿಕೆ ಯೋಚಿಸಿಕೊಂಡಿದ್ದೆ, ಒಂದೂ ಬರಲಿಲ್ಲ.

“ಅಕ್ಕಾ, ಅವತ್ತು ನಾನು ಎದ್ದು ಬಂದುಬಿಟ್ಟೆನಲ್ಲ. ತಪ್ಪು ನಂದೇ. ಅವತ್ತೇ ಗೊತ್ತಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ.”

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಕ್ಕ ಹೇಳಿದಳು, “ನಾಲ್ಕು ಜನರೆದುರು ಪುಸ್ತಕ ತರಬಾರದಿತ್ತು ಕಣೇ ನಾನು. ಅದನ್ನ ಹೇಳೋಣ ಅಂತ ಗೇಟಿನ ತನಕ ಓಡಿ ಬಂದೆ. ಬೆಳಗಿನಿಂದ ನೀನೊಂದು ತುತ್ತು ತಿಂದಿರ್ಲಿಲ್ಲ, ಡಬ್ಬಿಗೆ ಹಾಕ್ಕೊಡ್ತೀನಿ ನಿಲ್ಲು ಅಂತ ಕೂಗಿದೆ. ನೀನು ತಿರುಗಿ ನೋಡ್ಲೇ ಇಲ್ಲ.”

ಅವಳು ಅವತ್ತು ಕೂಗಿದ್ದು ಇದಂತೆ. ಅದು ಬೈಗುಳವೆಂದು ನಾನು ಆರು ವರ್ಷ ನಂಬಿದ್ದೆ.

ಆರು ವರ್ಷ ಒಂದು ಫೋನಿಗೆ ಕರಗುವುದಿಲ್ಲ, ಅದು ನಿಮಗೂ ಗೊತ್ತು. ಮಾತಿನ ನಡುವೆ ಈಗಲೂ ತಡವರಿಸುತ್ತೇವೆ, ಅಮ್ಮನ ವಿಷಯ ಬಂದರೆ ಇಬ್ಬರೂ ಎಚ್ಚರದಿಂದ ಕಾಲಿಡುತ್ತೇವೆ. ಆದರೆ ಈ ಸಲದ ನವರಾತ್ರಿಗೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಪುಟ್ಟಿ ಅವಳನ್ನೂ ಕೂರಿಸಿಕೊಂಡು ಹೇಸ್ಟಿಂಗ್ಸಿನ ಆಟ ಆಡಿ ತೋರಿಸಿದಳು. ಹದಿನಾರನೆಯ ನಡೆಯ ಹೊತ್ತಿಗೆ ಅಡಿಗೆಮನೆಯಿಂದ ಕಾಫಿ ತಂದವಳು ನಾನು. ಅಕ್ಕ ಕನ್ನಡಕ ಸರಿಮಾಡಿಕೊಂಡು ಹಲಗೆ ನೋಡಿ, “ಈ ಕಪ್ಪಿನವನ ಕಥೆ ಮುಗೀತು, ರಾಜ ಇನ್ನೂ ಬಾಗಿಲಲ್ಲೇ ನಿಂತಿದಾನಲ್ಲೇ” ಅಂದಳು.

“ಇರು, ಕೊನೇ ತನಕ ನೋಡು” ಎಂದು ನಾನೂ ಪಕ್ಕದಲ್ಲಿ ಕೂತೆ.